ಬೀರುವಿನಲ್ಲಿಟ್ಟ ಕೃಪಾಣ

ಮಕ್ಕಳು ಅಕ್ಷರ ಕಲಿಯುವ ಸ್ಥಳಕ್ಕೆ ಆಯುಧ ಬರಬಾರದೆಂಬ ಮಾತಿಗೆ ಎದುರಾಡುವವರು ಇರಲಾರರು. ನಾವು ಮೂವತ್ತೊಂದು ವರ್ಷ ಶಿಕ್ಷಕ ಕಾಯಕ ಮಾಡಿ, ಕೊನೆಯ ಹನ್ನೆರಡು ವರ್ಷ ಮುಖ್ಯೋಪಾಧ್ಯಾಯರಾಗಿದ್ದು ನಿವೃತ್ತರಾದವರು. ಆ ಮಾತನ್ನು ಒಪ್ಪಿದವರಷ್ಟೇ ಅಲ್ಲ, ದಪ್ಪಕ್ಷರದಲ್ಲಿ ಬರೆಯಿಸಿ ಶಾಲೆಯ ಗೋಡೆಗೆ ಅಂಟಿಸಿದವರು. ಆ ಬರಹವನ್ನು ಅಳಿಸಬೇಕಿತ್ತೆಂದು ಈಗಲೂ ನಮಗೆ ಅನಿಸುವುದಿಲ್ಲ. ಆದರೆ ಅದನ್ನು ಹಿಡಿದುಕೊಂಡು ಒಬ್ಬ ವಿದ್ಯಾರ್ಥಿಯ ವಿಷಯದಲ್ಲಿ ನಾವು ನಡೆದುಕೊಂಡ ರೀತಿಯನ್ನು ನೆನೆದಾಗಲೆಲ್ಲ ಮನಸ್ಸು ಮುದುಡುತ್ತದೆ. ಮನೆಯವರ ಹೊರತು ಮತ್ತಾರೊಡನೆಯೂ ಆಡದಿದ್ದ ಆ ಸಂಗತಿಯನ್ನು ಇಂದು ಪತ್ರಿಕೆಯ ಶರಣಬಂಧುಗಳ ಮುಂದೆ ನಿವೇದಿಸುತ್ತಿದ್ದೇವೆ.

1992ನೆಯ ಇಸವಿ. ನಾವು ಆಗ ಬೀದರ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿದ್ದೆವು. ಆ ವರ್ಷದ ಮಳೆಗಾಲದಲ್ಲಿ ಹತ್ತನೆಯ ತರಗತಿಯ ಇಬ್ಬರು ಹುಡುಗರು ಕಬಡ್ಡಿಯ ಅಂಕಣದಲ್ಲಿ ಜಗಳವಾಡಿ, ಒಬ್ಬನು ಮತ್ತೊಬ್ಬನ ತೊಡೆಗೆ ಚಾಕು ಇರಿದಿದ್ದನು. ಏಳು ಹೊಲಿಗೆ ಬಿದ್ದವು. ಗಾಯಗೊಂಡವನ ತಾಯಿ ನಮ್ಮ ಕೊಠಡಿಯ ಹೊಸ್ತಿಲಲ್ಲಿ ಕುಳಿತು ಅತ್ತ ಅಳು ನಮ್ಮನ್ನು ಬಹಳ ದಿನ ಕಾಡಿತು. ಮರುದಿನವೇ ಸುತ್ತೋಲೆ ಹೊರಡಿಸಿದೆವು: ಶಾಲೆಯ ಆವರಣದೊಳಗೆ ಚಾಕು, ಚೂರಿ, ಕತ್ತಿ, ಸರಪಳಿ ಮೊದಲಾದ ಯಾವುದೇ ಆಯುಧವನ್ನು ತರತಕ್ಕದ್ದಲ್ಲ, ತಂದಲ್ಲಿ ಮುಟ್ಟುಗೋಲು ಹಾಕಿಕೊಳ್ಳಲಾಗುವುದು, ಈ ನಿಯಮಕ್ಕೆ ಯಾವ ವಿನಾಯಿತಿಯೂ ಇರುವುದಿಲ್ಲ. ಕೊನೆಯ ವಾಕ್ಯವನ್ನು ಬರೆದಾಗ ನಮಗೆ ಹೆಮ್ಮೆಯೇ ಆಗಿತ್ತೆಂದು ಹೇಳಬೇಕು.

ಹದಿನೈದು ದಿನಗಳಲ್ಲಿ ನಮ್ಮ ಕೊಠಡಿಯ ಕಬ್ಬಿಣದ ಬೀರುವಿನ ಕೆಳಗಿನ ಅರೆ ತುಂಬಿತು. ಕವಣೆಗಳು, ಸೈಕಲ್ಲಿನ ಚೈನು, ಮಡಚುವ ಚಾಕುಗಳು, ಪೆನ್ಸಿಲು ಕೆತ್ತುವ ಬ್ಲೇಡುಗಳು, ಜಾತ್ರೆಯಲ್ಲಿ ಕೊಂಡ ಒಂದು ತಗಡಿನ ಕತ್ತಿ. ಅವುಗಳ ನಡುವೆ ಒಂದು ಕುಡುಗೋಲೂ ಇದ್ದಿತು. ಅದು ಎಂಟನೆಯ ತರಗತಿಯ ಒಬ್ಬ ಬಡ ಹುಡುಗನದು. ಶಾಲೆ ಬಿಟ್ಟ ಮೇಲೆ ದಾರಿಯ ಬದುವಿನಲ್ಲಿ ಹುಲ್ಲು ಕೊಯ್ದು ಹೊರೆ ಕಟ್ಟಿಕೊಂಡು ಮನೆಗೆ ಹೋಗುವುದು ಅವನ ದಿನನಿತ್ಯದ ಕೆಲಸ. ಅಂದೇ ಸಂಜೆ ಅವನ ತಾಯಿ ಬಂದು, “ಎಮ್ಮಿ ಉಪಾಸ ಐತ್ರಿ ಸರ, ಕುಡುಗೋಲ ಕೊಡ್ರಿ” ಎಂದು ಬೇಡಿಕೊಂಡಳು. ನಾವು ನಕ್ಕು ಕೊಟ್ಟುಬಿಟ್ಟೆವು. ಮರುದಿನದಿಂದ ಅವನು ಅದನ್ನು ಬೆಳಿಗ್ಗೆ ಜವಾನನ ಕೈಗೆ ಒಪ್ಪಿಸಿ ಸಂಜೆ ಪಡೆದುಕೊಳ್ಳುವ ಏರ್ಪಾಡಾಯಿತು. ಕುಡುಗೋಲು ಕಾಯಕದ ಸಾಧನ, ಅದನ್ನು ಆಯುಧವೆನ್ನಲಾಗದು ಎಂದು ಸಹೋದ್ಯೋಗಿಗಳಿಗೆ ವಿವರಣೆಯನ್ನೂ ಕೊಟ್ಟೆವು. ನಮ್ಮ ದೇಶದ ಶಸ್ತ್ರಾಸ್ತ್ರ ನಿಯಮಗಳೂ ಹೀಗೆಯೇ ಮನೆಗೆಲಸದ ಮತ್ತು ಒಕ್ಕಲುತನದ ಹತ್ಯಾರುಗಳನ್ನು ಹರಿತವಾದ ಆಯುಧಗಳ ಪಟ್ಟಿಯಿಂದ ಹೊರಗಿಟ್ಟಿವೆಯೆಂಬುದು ನಮಗೆ ಆಮೇಲೆ ತಿಳಿಯಿತು. ಒಟ್ಟಿನಲ್ಲಿ, ಯಾವ ವಿನಾಯಿತಿಯೂ ಇಲ್ಲವೆಂಬ ನಮ್ಮ ನಿಯಮಕ್ಕೆ ತಿಂಗಳು ತುಂಬುವುದರೊಳಗೆ ಒಂದು ವಿನಾಯಿತಿ ಬಂದಾಗಿತ್ತು.

ಆ ಬಳಿಕ ಬಂದದ್ದು ಕೃಪಾಣದ ಪ್ರಸಂಗ.

ಬೀದರಿಗೂ ಸಿಖ್ಖ್ ಧರ್ಮಕ್ಕೂ ಇರುವ ನಂಟನ್ನು ಆ ಭಾಗದ ಬಂಧುಗಳಿಗೆ ಹೇಳಬೇಕಾಗಿಲ್ಲ. ಗುರುನಾನಕರು ದಕ್ಷಿಣಕ್ಕೆ ಬಂದಾಗ ಅಲ್ಲಿ ಸಿಹಿನೀರಿನ ಬುಗ್ಗೆ ಹೊಮ್ಮಿತೆಂಬ ನಂಬಿಕೆಯಿಂದ ನಾನಕ ಝೀರಾ ಗುರುದ್ವಾರ ಅಲ್ಲಿ ನೆಲೆಗೊಂಡಿದೆ. 1699ರ ಬೈಸಾಖಿಯಂದು ಆನಂದಪುರದಲ್ಲಿ ಗುರು ಗೋವಿಂದಸಿಂಹರು ಖಾಲ್ಸಾ ಪಂಥವನ್ನು ಸ್ಥಾಪಿಸಿದಾಗ ತಲೆಯೊಪ್ಪಿಸಲು ಎದ್ದು ನಿಂತ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬಸಿಂಹರು ಬೀದರಿನವರು, ಕ್ಷೌರಿಕ ಕುಲದವರು ಎಂದು ಅವರ ಪರಂಪರೆ ಹೇಳುತ್ತದೆ. ಹಡಪದ ಅಪ್ಪಣ್ಣನವರನ್ನು ತಮ್ಮ ಹಿರಿಯರೆಂದು ನಂಬಿದ ಸಮಾಜದವರು ನಮ್ಮಲ್ಲಿ ಇರುವಾಗ ಈ ಸಂಗತಿ ನಮ್ಮವರಿಗೂ ಪ್ರಿಯವಾಗಬೇಕಾದದ್ದೇ. ಆ ದಿನ ಖಾಲ್ಸಾ ದೀಕ್ಷೆ ಪಡೆದವರಿಗೆ ವಿಧಿಸಿದ ಐದು ಲಾಂಛನಗಳಲ್ಲಿ ಕೃಪಾಣವೂ ಒಂದು. ಕೇಶ, ಬಾಚಣಿಗೆ, ಕಡಗ, ಕಚ್ಛ, ಕೃಪಾಣ. ದೀಕ್ಷೆಯಾದವರು ಇವನ್ನು ಮೈಯಿಂದ ಅಗಲಿಸುವಂತಿಲ್ಲ.

ಒಂಬತ್ತನೆಯ ತರಗತಿಯಲ್ಲಿ ಒಬ್ಬ ಸಿಖ್ಖ್ ಹುಡುಗನಿದ್ದನು. ತಂದೆ ಹೆದ್ದಾರಿಯ ಬದಿಯಲ್ಲಿ ಲಾರಿ ದುರಸ್ತಿಯ ಗ್ಯಾರೇಜು ಇಟ್ಟುಕೊಂಡಿದ್ದರು. ಹುಡುಗ ಮಿತಭಾಷಿ, ಗಣಿತದಲ್ಲಿ ಚುರುಕು, ಕನ್ನಡದ ಅಕ್ಷರ ಮುತ್ತಿನಂತಿದ್ದವು. ಕವಾಯತಿನ ಹೊತ್ತಿನಲ್ಲಿ ಕೈ ಮೇಲೆತ್ತಿದಾಗ ಅಂಗಿಯ ಕೆಳಗಿನ ಒರೆ ಕಾಣಿಸಿತೆಂದು ದೈಹಿಕ ಶಿಕ್ಷಕರು ಅವನನ್ನು ಕರೆತಂದರು. ಬಿಚ್ಚಿ ಕೊಡು ಎಂದೆವು. ಹುಡುಗ ಒಂದು ಗಳಿಗೆ ನಿಂತನು, ಆಮೇಲೆ ನಡುಗುವ ಕೈಯಿಂದ ಪಟ್ಟಿಯನ್ನು ಹೆಗಲಿನಿಂದ ಕಳಚಿ ಮೇಜಿನ ಮೇಲಿಟ್ಟನು. ಅದು ನಮ್ಮ ಗೇಣಿಗಿಂತ ಚಿಕ್ಕದು. ಒರೆಯಿಂದ ಎಳೆದು ಸಹ ನೋಡದೆ ಬೀರುವಿನ ಕೆಳಗಿನ ಅರೆಯಲ್ಲಿ, ಸೈಕಲ್ ಚೈನಿನ ಪಕ್ಕದಲ್ಲಿ ಇಟ್ಟು ಬೀಗ ಹಾಕಿದೆವು.

ಆ ರಾತ್ರಿ ಊಟಕ್ಕೆ ಕುಳಿತಾಗ ಮಾತಿಗೆ ಮಾತು ಬಂದು ಇದನ್ನು ಹೇಳಿದೆವು. ಬಡಿಸುತ್ತಿದ್ದ ಮನೆಯವರ ಕೈ ನಿಂತಿತು. “ಮೈಮ್ಯಾಲಿಂದು ಬಿಚ್ಚಿಸಿದ್ರೇನ್ರೀ?” ಎಂದರು. ಅವರ ಎಡಗೈ ತನ್ನಷ್ಟಕ್ಕೆ ತಾನೇ ಎದೆಯ ಮೇಲಿನ ಕರಡಿಗೆಗೆ ಹೋಯಿತು. ಬೇರೇನೂ ಹೇಳಲಿಲ್ಲ. ನಾವು, ಅದು ಲಿಂಗವಲ್ಲ, ಚೂರಿ ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆವು.

ಮರುದಿನ ಬೆಳಿಗ್ಗೆ ತಂದೆ ಬಂದರು. ಕೊಠಡಿಯ ಹೊರಗೆ ಪಾದರಕ್ಷೆ ಬಿಟ್ಟು, ನಲ್ಲಿಯಲ್ಲಿ ಕೈ ತೊಳೆದುಕೊಂಡು ಒಳಗೆ ಬಂದರು. ಬೀರು ತೆರೆದು ತೋರಿಸಿದಾಗ ಅದು ಇದ್ದ ಸ್ಥಳವನ್ನು ಕಂಡು ಅವರ ಮುಖ ಬಾಡಿತು. ಎರಡೂ ಕೈಗಳಿಂದ ಎತ್ತಿ ಹಣೆಗೆ ಮುಟ್ಟಿಸಿಕೊಂಡರು. ಆಮೇಲೆ ಹರಕು ಕನ್ನಡದಲ್ಲಿ ಅವರು ಹೇಳಿದ್ದಿಷ್ಟು: “ಹೆಡ್‌ಮಾಸ್ತರ ಸಾಹೇಬರೇ, ನಿಮ್ಮ ಕಾನೂನು ಒಳ್ಳೆಯದು. ನಾನು ಇದನ್ನು ಬಟ್ಟೆಯ ಚೀಲದಲ್ಲಿ ಹಾಕಿ ಬಾಯಿ ಹೊಲಿಸುತ್ತೇನೆ. ಅಂಗಿಯ ಒಳಗೆ ಇರಲಿ. ತೆಗೆಯಲಿಕ್ಕೆ ಬರುವುದಿಲ್ಲ. ದಿನಾ ನೀವೇ ಹೊಲಿಗೆ ನೋಡಿರಿ.”

ನಾವು ಒಪ್ಪಲಿಲ್ಲ. ನಿಯಮ ಎಲ್ಲರಿಗೂ ಒಂದೇ ಎಂದೆವು. ಕುಡುಗೋಲಿನ ನೆನಪು ಆಗ ನಮಗೆ ಬರಲಿಲ್ಲ. ಬಂದಿದ್ದರೂ ಒಪ್ಪುತ್ತಿದ್ದೆವೋ ಇಲ್ಲವೋ. ಇನ್ನೊಂದು ಮಾತು ಹೇಳಲು ನಾಚಿಕೆಯಾಗುತ್ತದೆ. ನಾವು ಸಮಾಜ ವಿಜ್ಞಾನದ ಶಿಕ್ಷಕರು. ಸಂವಿಧಾನದ 25ನೆಯ ಅನುಚ್ಛೇದವನ್ನು ವರ್ಷವರ್ಷವೂ ಪರೀಕ್ಷೆಗೆ ಬರುವ ಪ್ರಶ್ನೆಯೆಂದು ಬಾಯಿಪಾಠ ಮಾಡಿಸುತ್ತಿದ್ದವರು. ಕೃಪಾಣ ಧರಿಸುವುದೂ ಒಯ್ಯುವುದೂ ಸಿಖ್ಖ್ ಧರ್ಮದ ಆಚರಣೆಯಲ್ಲಿ ಸೇರಿದ್ದೆಂದು ಅದೇ ಅನುಚ್ಛೇದದ ಮೊದಲನೆಯ ವಿವರಣೆ ಹೇಳುತ್ತದೆ. ಅಷ್ಟು ಕೆಳಗಿನವರೆಗೆ ನಾವು ಓದಿರಲಿಲ್ಲ. ಗ್ಯಾರೇಜಿನ ಆ ಸದ್ಗೃಹಸ್ಥರು ಅದನ್ನು ಎತ್ತಿ ಆಡಲೂ ಇಲ್ಲ. 1988ರಲ್ಲಿ ಬೀದರಿನಲ್ಲಿ ಸಿಖ್ಖ್ ವಿದ್ಯಾರ್ಥಿಗಳು ಹಿಂಸೆಗೆ ಬಲಿಯಾಗಿ ಆಗಿನ್ನೂ ನಾಲ್ಕೇ ವರ್ಷ. ವಾದ ಮಾಡುವ ಧೈರ್ಯ ಅವರಲ್ಲಿ ಉಳಿದಿರಲಿಲ್ಲವೆಂದು ಈಗ ತೋರುತ್ತದೆ. ಒಂದು ವಾರದೊಳಗೆ ಹುಡುಗ ನಮ್ಮ ಶಾಲೆ ಬಿಟ್ಟನು.

ಹದಿನಾಲ್ಕು ವರ್ಷ ಕಳೆದವು. ಕೆನಡಾದಲ್ಲಿ ಸಂಸಾರ ಹೂಡಿದ ನಮ್ಮ ಮಗಳು 2006ರ ವಸಂತದಲ್ಲಿ ಅಲ್ಲಿಯ ಪತ್ರಿಕೆಯ ತುಣುಕೊಂದನ್ನು ಕಳುಹಿಸಿದಳು. ಮೇಲೆ “ಅಪ್ಪಾಜಿ, ನೀವು ಇದನ್ನು ಓದಬೇಕು” ಎಂದಷ್ಟೇ ಬರೆದಿದ್ದಳು. ತಾಯಿ ಅವಳಿಗೆ ಎಂದೋ ಹೇಳಿರಬೇಕು.

ಮಾಂಟ್ರಿಯಲ್ ನಗರದ ಒಂದು ಶಾಲೆಯಲ್ಲಿ 2001ರ ನವೆಂಬರಿನಲ್ಲಿ ಹನ್ನೆರಡು ವರ್ಷದ ಸಿಖ್ಖ್ ಬಾಲಕನೊಬ್ಬನ ಕೃಪಾಣ ಆಟದ ಅಂಗಳದಲ್ಲಿ ಅಕಸ್ಮಾತ್ತಾಗಿ ಜಾರಿ ಬಿದ್ದಿತು. ಬಟ್ಟೆಯೊಳಗೆ ಭದ್ರಪಡಿಸಿ ಧರಿಸಬಹುದೆಂದು ಶಾಲಾ ಮಂಡಳಿ ಮೊದಲು ತಿಳಿಸಿತು. ಬಾಲಕನೂ ತಂದೆತಾಯಿಗಳೂ ಒಪ್ಪಿದರು. ಆದರೆ ಆ ಶಾಲೆಯ ಆಡಳಿತ ಸಮಿತಿಯು, ಆಯುಧ ತರಬಾರದೆಂಬ ಶಾಲೆಯ ನಿಯಮಕ್ಕೆ ಇದು ವಿರುದ್ಧವೆಂದು 2002ರ ಫೆಬ್ರವರಿಯಲ್ಲಿ ನಿರಾಕರಿಸಿತು. ಮೇಲಿನವರೂ ಅದನ್ನೇ ಎತ್ತಿಹಿಡಿದು, ಕೊರಳಪದಕದಂತಹ ಸಾಂಕೇತಿಕ ಕೃಪಾಣವಾದರೆ ಆಗಬಹುದೆಂದರು. ತಂದೆ ನ್ಯಾಯಾಲಯದ ಮೆಟ್ಟಿಲೇರಿದರು.

ಅದೇ ವರ್ಷದ ಮೇ ತಿಂಗಳಲ್ಲಿ ಕ್ವಿಬೆಕ್ ಪ್ರಾಂತದ ನ್ಯಾಯಾಧೀಶರು ಅನುಮತಿ ಕೊಟ್ಟು ವಿಧಿಸಿದ ನಿಬಂಧನೆಗಳನ್ನು ಓದುತ್ತಿದ್ದಂತೆ ನಮ್ಮ ಕೈಯಲ್ಲಿಯ ಕಾಗದ ನಡುಗಿತು. ಕೃಪಾಣ ಉಡುಪಿನ ಒಳಗಿರಬೇಕು. ಒರೆ ಲೋಹದ್ದಾಗಿರದೆ ಕಟ್ಟಿಗೆಯದಾಗಿರಬೇಕು. ಒರೆಸಮೇತ ಗಟ್ಟಿಬಟ್ಟೆಯಲ್ಲಿ ಸುತ್ತಿ ಹೊಲಿದು, ಆ ಚೀಲವನ್ನು ಹೆಗಲಪಟ್ಟಿಗೆ ಹೊಲಿದಿರಬೇಕು. ಇದು ಸರಿಯಾಗಿ ನಡೆಯುತ್ತಿದೆಯೇ ಎಂದು ಶಾಲೆಯವರು ನೋಡಬಹುದು. ಕಳೆದುಹೋದರೆ ಕೂಡಲೇ ತಿಳಿಸಬೇಕು. ತಪ್ಪಿದರೆ ಅನುಮತಿ ರದ್ದು.

ಗ್ಯಾರೇಜಿನ ಆ ತಂದೆ ನಮ್ಮ ಮೇಜಿನ ಮುಂದೆ ನಿಂತು ಹೇಳಿದ್ದೂ ಇದನ್ನೇ.

ವಿಷಯ ಅಲ್ಲಿಗೇ ಮುಗಿಯಲಿಲ್ಲ. 2004ರಲ್ಲಿ ಮೇಲ್ಮನವಿ ನ್ಯಾಯಾಲಯವು ಆ ಅನುಮತಿಯನ್ನು ತಳ್ಳಿಹಾಕಿತು. ಕೊನೆಗೆ ಕೆನಡಾದ ಸರ್ವೋಚ್ಚ ನ್ಯಾಯಾಲಯವು 2006ರ ಮಾರ್ಚ್ 2ರಂದು ಬಾಲಕನ ಪರವಾಗಿ ತೀರ್ಪಿತ್ತಿತು. ಕುಳಿತಿದ್ದ ಎಂಟು ನ್ಯಾಯಮೂರ್ತಿಗಳಲ್ಲಿ ಕಾರಣಗಳ ಭೇದವಿದ್ದರೂ ಫಲಿತಾಂಶದಲ್ಲಿ ಭೇದವಿರಲಿಲ್ಲ. ಶಾಲೆಯನ್ನು ಸುರಕ್ಷಿತವಾಗಿಡುವ ಉದ್ದೇಶ ಯೋಗ್ಯವಾದದ್ದೆಂದು ಅವರು ಒಪ್ಪಿದರು. ಆದರೆ ಸಿಖ್ಖ್ ಮಕ್ಕಳು ಆ ದೇಶದ ಶಾಲೆಗಳಿಗೆ ಹೋಗುತ್ತಿರುವ ನೂರು ವರ್ಷಗಳಲ್ಲಿ ಕೃಪಾಣದಿಂದ ಹಿಂಸೆ ನಡೆದ ಒಂದು ಪ್ರಕರಣವೂ ವರದಿಯಾಗಿಲ್ಲವೆಂಬುದನ್ನು ಎತ್ತಿ ತೋರಿದರು. ಕತ್ತರಿ, ಪೆನ್ಸಿಲು, ಚೆಂಡಾಟದ ದಾಂಡು ಎಲ್ಲವೂ ಶಾಲೆಯಲ್ಲಿಯೇ ಸಿಗುತ್ತವೆ, ಅವುಗಳಿಂದಲೂ ಗಾಯ ಮಾಡಬಹುದಲ್ಲವೇ ಎಂಬುದು ಅವರ ಇನ್ನೊಂದು ವಿಚಾರ. ಈ ತೀರ್ಪು ಬರುವ ಹೊತ್ತಿಗೆ ಆ ಬಾಲಕ ಆ ಶಾಲೆಯನ್ನು ಬಿಟ್ಟು ಖಾಸಗಿ ಶಾಲೆ ಸೇರಿದ್ದನು.

ಆ ಸಮಿತಿಯಲ್ಲಿದ್ದವರನ್ನು ದೂರಲು ನಮಗೆ ಬಾಯಿಲ್ಲ, ಮನಸ್ಸೂ ಇಲ್ಲ. ಅದೇ ಮಾಂಟ್ರಿಯಲ್ಲಿನ ತಾಂತ್ರಿಕ ಕಾಲೇಜೊಂದರಲ್ಲಿ 1989ರ ಡಿಸೆಂಬರಿನಲ್ಲಿ ಬಂದೂಕು ಹಿಡಿದು ಬಂದವನೊಬ್ಬನು ಹದಿನಾಲ್ಕು ಮಂದಿ ಹೆಣ್ಣುಮಕ್ಕಳನ್ನು ಕೊಂದಿದ್ದನು. ನೆರೆಯ ಅಮೆರಿಕೆಯಲ್ಲಿ 1999ರ ಏಪ್ರಿಲಿನಲ್ಲಿ ಕೊಲಂಬೈನ್ ಶಾಲೆಯ ಇಬ್ಬರು ವಿದ್ಯಾರ್ಥಿಗಳು ಹನ್ನೆರಡು ಸಹಪಾಠಿಗಳನ್ನೂ ಒಬ್ಬ ಶಿಕ್ಷಕರನ್ನೂ ಗುಂಡಿಕ್ಕಿದರು. ಇಂತಹುದನ್ನು ಕಂಡ ಕಾಲದ ತಂದೆತಾಯಿಗಳು ಅಲಗು ಎಂಬ ಶಬ್ದಕ್ಕೇ ಬೆಚ್ಚಿದರೆ ಅದನ್ನು ದ್ವೇಷವೆನ್ನಲಾಗದು. ಏಳು ಹೊಲಿಗೆಯ ಗಾಯವೊಂದು ನಮ್ಮ ವಿವೇಕವನ್ನೇ ಕಸಿದಿರಲಿಲ್ಲವೇ?

ಅಮೆರಿಕೆಯವರ ಕಾನೂನಿನಲ್ಲಿ ನಾವು ಗಮನಿಸಿದ ಒಂದು ಅಂಶವನ್ನು ಹೇಳಬೇಕು. ಶಾಲೆಗೆ ಬಂದೂಕು ತಂದ ವಿದ್ಯಾರ್ಥಿಯನ್ನು ಕನಿಷ್ಠ ಒಂದು ವರ್ಷ ಹೊರಗಿಡಬೇಕೆಂದು ಅವರು 1994ರಲ್ಲಿ ಬಹಳ ಬಿಗಿಯಾದ ಶಾಸನ ಮಾಡಿದರು. ಆ ಬಿಗಿಯಲ್ಲಿಯೂ, ಮುಖ್ಯ ಅಧಿಕಾರಿಯು ಒಂದೊಂದು ಪ್ರಕರಣವನ್ನು ಬೇರೆ ಬೇರೆಯಾಗಿ ಪರಿಶೀಲಿಸಿ ಶಿಕ್ಷೆಯನ್ನು ಬದಲಿಸಬಹುದೆಂಬ ಸಾಲನ್ನು ಸೇರಿಸಿದರು. ಬಂದೂಕಿನ ವಿಷಯದಲ್ಲಿಯೇ ಅಷ್ಟು ಜಾಗ ಬಿಟ್ಟಿದ್ದಾರೆ. ಅದೇ ವರ್ಷ ಕ್ಯಾಲಿಫೋರ್ನಿಯಾದ ಲಿವಿಂಗ್‌ಸ್ಟನ್ ಎಂಬ ಊರಿನಲ್ಲಿ ಕೃಪಾಣದ ಕಾರಣ ಒಂದೇ ಮನೆಯ ಮೂವರು ಮಕ್ಕಳು ಶಾಲೆಯಿಂದ ಹೊರಗುಳಿಯಬೇಕಾಗಿ ಬಂದಾಗಲೂ ನ್ಯಾಯಾಲಯ ಕಂಡುಕೊಂಡ ದಾರಿ ಮೊಂಡು ಅಲಗು, ಒರೆಗೆ ಹೊಲಿಗೆ, ಅಂಗಿಯ ಒಳಗೆ ಎಂಬುದೇ. ಎಲ್ಲಿ ನೋಡಿದರೂ ಸೂಜಿ ದಾರವೇ ನೆರವಿಗೆ ಬಂದಿದೆ. ಸೂಜಿಕಾಯಕದ ರಾಮಿತಂದೆಗಳು ಇದ್ದಿದ್ದರೆ ಎಷ್ಟು ಹರ್ಷಪಡುತ್ತಿದ್ದರೋ! ಆದರೂ 2011ರ ಫೆಬ್ರವರಿಯಲ್ಲಿ ಕ್ವಿಬೆಕ್ಕಿನ ಶಾಸನಸಭೆಯು ತನ್ನ ಕಟ್ಟಡದೊಳಗೆ ಕೃಪಾಣ ಬರಕೂಡದೆಂಬ ಗೊತ್ತುವಳಿಯನ್ನು ಒಮ್ಮತದಿಂದ ಬೆಂಬಲಿಸಿತು. ಜನರ ಮನಸ್ಸಿನಲ್ಲಿ ಈ ಪ್ರಶ್ನೆ ಬಗೆಹರಿದಿದೆಯೆಂದು ಯಾರೂ ಹೇಳಲಾರರು.

ನಮ್ಮ ಇಷ್ಟಲಿಂಗಕ್ಕೆ ಅಲಗಿಲ್ಲ. ಆದುದರಿಂದ ಯಾವ ಶಾಲೆಯವರೂ ನಮ್ಮ ಮಕ್ಕಳನ್ನು ತಡೆದು ಬಿಚ್ಚು ಎನ್ನುವ ಸಂದರ್ಭ ಸಾಮಾನ್ಯವಾಗಿ ಬರುವುದಿಲ್ಲ. ಈ ಅದೃಷ್ಟದಿಂದಲೇ ನಮಗೆ ಆ ಹುಡುಗನ ನಡುಗುವ ಕೈ ಅರ್ಥವಾಗದೆ ಹೋಯಿತೋ ಏನೋ. ಲಿಂಗವನ್ನು ಅಂಗದಿಂದ ಅಗಲಿಸಬಾರದೆಂಬುದನ್ನು ತೊಟ್ಟಿಲಲ್ಲಿಯೇ ಕಲಿತ ನಾವು, ಇನ್ನೊಬ್ಬರ ಮೈಮೇಲಿನದನ್ನು ಕವಣೆ ಚೈನುಗಳ ನಡುವೆ ಎಸೆಯುವ ಮುನ್ನ ಒಂದು ಮಾತು ಕೇಳಬಹುದಿತ್ತು. ಮನೆಯವರಿಗೆ ಕರಡಿಗೆ ಮುಟ್ಟಿದ ಕೂಡಲೇ ತಿಳಿದದ್ದು ನಮಗೆ ತಿಳಿಯಲು ಹದಿನಾಲ್ಕು ವರ್ಷವೂ ಸಮುದ್ರದಾಚೆಯ ಎಂಟು ನ್ಯಾಯಮೂರ್ತಿಗಳೂ ಬೇಕಾದರು.

ಆ ಕುಟುಂಬವನ್ನು ಹುಡುಕಲು ಯತ್ನಿಸಿದೆವು. ಗ್ಯಾರೇಜು ಇದ್ದ ಸ್ಥಳದಲ್ಲಿ ಈಗ ಟೈರಿನ ಅಂಗಡಿಯಿದೆ. ಅವರು ನಾಂದೇಡದ ಕಡೆಗೆ ಹೋದರೆಂದು ಒಬ್ಬರು, ಪಂಜಾಬಿಗೆ ಮರಳಿದರೆಂದು ಇನ್ನೊಬ್ಬರು ಹೇಳಿದರು.

ತಂದೆ ವರ್ಗಾವಣೆ ಪತ್ರ ಪಡೆಯಲು ಬಂದ ದಿನ ಗುಮಾಸ್ತರು ಎಲ್ಲವನ್ನೂ ತುಂಬಿ, ನಡತೆಯ ಕಾಲಮನ್ನು ಮಾತ್ರ ಖಾಲಿ ಬಿಟ್ಟು ನಮ್ಮ ಮುಂದೆ ಹಿಡಿದು, “ಇಲ್ಲಿ ಏನು ಬರೀಲಿ ಸರ್?” ಎಂದು ಮೆಲ್ಲನೆ ಕೇಳಿದ್ದರು. ಲೇಖನಿ ತೆಗೆದುಕೊಂಡು ನಾವೇ ‘ಅತ್ಯುತ್ತಮ’ ಎಂದು ಬರೆದು ಸಹಿ ಹಾಕಿದೆವು. ತಂದೆಗೆ ಕನ್ನಡ ಓದಲು ಬರುತ್ತಿರಲಿಲ್ಲ. ಏನು ಬರೆದಿದೆಯೆಂದು ಮಗನನ್ನು ಕೇಳಿದರು. ಹುಡುಗ ಓದಿ ಹೇಳಿದನು. ಅವರು ಆ ಕಾಗದವನ್ನು ನಾಲ್ಕಾಗಿ ಮಡಚಿ ಎದೆಯ ಜೇಬಿನಲ್ಲಿಟ್ಟುಕೊಂಡು, ನಮಗೆ ಕೈಮುಗಿದು ಹೊರಟುಹೋದರು.