ಗುಲಾಬಿಗೆ ಸಿಕ್ಕ ಬಹುಮಾನ

ಪಡುಬಿದ್ರಿಯ ಪೇಟೆಯಿಂದ ಕಡಲಿನತ್ತ ಇಳಿಯುವ ಓಣಿಗಳಲ್ಲಿ ಹಳೆಯ ಮನೆ, ಹೊಸ ಮನೆ ಎಂಬ ಭೇದವಿಲ್ಲದೆ ಅನೇಕ ಮನೆಗಳ ಚಾವಡಿಯಲ್ಲಿ ಒಂದು ಗಾಜಿನ ಕಪಾಟು ಇರುತ್ತದೆ. ಗಲ್ಫಿನಿಂದ ಬಂದ ಗಡಿಯಾರ, ಮುಂಬಯಿಯಿಂದ ಬಂದ ಗಣಪತಿ, ಅವುಗಳ ನಡುವೆ ಮಕ್ಕಳ ಬಹುಮಾನಗಳು. ಛದ್ಮವೇಷಕ್ಕೆ ದೊರೆತ ಸ್ಟೀಲಿನ ಲೋಟ, ಭಾವಗೀತೆಗೆ ಬಂದ ಪ್ಲಾಸ್ಟಿಕ್ ಡಬ್ಬಿ, ಕಬಡ್ಡಿಯ ಕಪ್ಪು. ಲೋಟದ ಮೇಲೆ ಕೊರೆಸಿದ ಹೆಸರು ಇನ್ನೂ ಮಾಸಿರುವುದಿಲ್ಲ. ಆ ಹೆಸರಿನ ಹುಡುಗಿಗೆ ಈಗ ಮದುವೆಯಾಗಿ ಮಕ್ಕಳಿರುತ್ತಾರೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲಂತೂ ಶಾಲು, ಹಾರ, ಸನ್ಮಾನಪತ್ರಗಳಿಗೆ ಬಿಡುವಿಲ್ಲ. ಬಹುಮಾನವೆಂದರೆ ಇಲ್ಲಿಯವರಿಗೆ ಸಣ್ಣ ಸಂಗತಿಯಲ್ಲ.

ಬಹುಮಾನವೊಂದು ಮನೆಯೊಳಕ್ಕೆ ಬಂದ ಮೇಲೆ ಏನಾಗುತ್ತದೆ ಎಂಬುದನ್ನು ಇದೇ ಕರಾವಳಿಯ ಒಂದು ಗುಡಿಸಲಿನಲ್ಲಿ ಕುಳಿತು ತೋರಿಸಿದ ಚಿತ್ರವೊಂದಿದೆ. ಗಿರೀಶ ಕಾಸರವಳ್ಳಿಯವರ 'ಗುಲಾಬಿ ಟಾಕೀಸು'. ಪಡುಬಿದ್ರಿಯಿಂದ ಹೆದ್ದಾರಿ ಹಿಡಿದು ಬಡಗಿಗೆ ಅರವತ್ತು ಕಿಲೋಮೀಟರಿನಷ್ಟು ಹೋದರೆ ಸಿಗುವ ಕುಂದಾಪುರದ ಕಡೆಯ ಮೀನುಗಾರರ ಬದುಕು ಅದರ ವಸ್ತು. ಕಥೆ ಕುಂದಾಪುರದವರೇ ಆದ ವೈದೇಹಿಯವರದು. ಕಥೆಯಲ್ಲಿ ಊರಿಗೆ ಬರುವುದು ಸಿನಿಮಾ ಟಾಕೀಸು. ಚಿತ್ರದಲ್ಲಿ ಕಾಲ ಮುಂದಕ್ಕೆ ಸರಿದು, 1999ರ ಕಾರ್ಗಿಲ್ ಯುದ್ಧದ ಹೊತ್ತಿಗೆ, ಬರುವುದು ಡಿಶ್ ಆಂಟೆನಾದ ಟಿ.ವಿ.

ಗುಲಾಬಿ ಸೂಲಗಿತ್ತಿ. ಗಂಡ ಇನ್ನೊಂದು ಸಂಸಾರ ಹೂಡಿಕೊಂಡು ಇವಳನ್ನು ಬಿಟ್ಟಿದ್ದಾನೆ. ಇವಳಿಗೆ ಇರುವುದೊಂದೇ ಹುಚ್ಚು, ಸಿನಿಮಾ. ಹೆರಿಗೆಗೆ ಕರೆ ಬಂದರೂ ಥಿಯೇಟರಿನಿಂದ ಏಳಲೊಲ್ಲದ ಹೆಂಗಸು. ಅಂಥವಳನ್ನು ಶ್ರೀಮಂತರ ಮನೆಯವರು ಎಳೆದೊಯ್ದು, ಕಷ್ಟದ ಹೆರಿಗೆಯೊಂದು ಸುಸೂತ್ರವಾದಾಗ ಸಂತೋಷಕ್ಕೆ ಬಣ್ಣದ ಟಿ.ವಿ.ಯನ್ನೇ ಕೊಟ್ಟುಬಿಡುತ್ತಾರೆ. ಕೆಲಸ ಚೆನ್ನಾಗಿ ಮಾಡಿದ್ದಕ್ಕೆ ಸಿಕ್ಕ ಬಹುಮಾನ. ಅಲ್ಲಿಯವರೆಗೆ ಅವಳ ಹೊಸ್ತಿಲು ತುಳಿಯದಿದ್ದ ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಬಂದು ಕೂರುತ್ತಾರೆ. ಒಂಟಿ ಹೆಂಗಸಿನ ಮನೆ ಊರಿನ ಮನೆಯಾಗುತ್ತದೆ. ಆಮೇಲೆ ಅದೇ ಟಿ.ವಿ.ಯ ಮುಂದೆ ಕೂರುತ್ತಿದ್ದ ನೇತ್ರು ಎಂಬ ಹುಡುಗಿ ಕಾಣೆಯಾದಾಗ ಬೆರಳು ತೋರುವುದು ಗುಲಾಬಿಯ ಕಡೆಗೆ. ದೊಡ್ಡ ಬೋಟುಗಳಿಗೂ ಸಣ್ಣ ದೋಣಿಗಳಿಗೂ ಹತ್ತಿದ ಜಗಳ ಅಷ್ಟರಲ್ಲಿ ಜಾತಿ-ಮತದ ಜಗಳವಾಗಿರುತ್ತದೆ. ಮುಸ್ಲಿಮಳಾದ ಗುಲಾಬಿ ಕೊನೆಗೆ ಊರನ್ನೇ ಬಿಡಬೇಕಾಗುತ್ತದೆ.

ಈ ಗುಲಾಬಿಯಾದವರು ಉಮಾಶ್ರೀ. 2007ರಲ್ಲಿ ಸೆನ್ಸಾರ್ ಮುಗಿಸಿ 2008ರಲ್ಲಿ ತೆರೆ ಕಂಡ ಚಿತ್ರಕ್ಕೆ ರಾಷ್ಟ್ರ ಪ್ರಶಸ್ತಿ ಪ್ರಕಟವಾದದ್ದು 2009ರಲ್ಲಿ. 55ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳ ಪಟ್ಟಿಯಲ್ಲಿ ಶ್ರೇಷ್ಠ ನಟ 'ಕಾಂಚೀವರಂ' ಚಿತ್ರದ ಪ್ರಕಾಶ್ ರಾಜ್, ಶ್ರೇಷ್ಠ ನಟಿ ಉಮಾಶ್ರೀ. ಆ ವರ್ಷ ಎರಡೂ ಕನ್ನಡಿಗರ ಪಾಲು. ಕನ್ನಡ ಚಿತ್ರದ ಪಾತ್ರಕ್ಕಾಗಿ ಈ ಗೌರವ ಪಡೆದ ನಟಿಯರು ಅದಕ್ಕೆ ಮೊದಲು ಇಬ್ಬರೇ: 1973ರ 'ಕಾಡು' ಚಿತ್ರದ ನಂದಿನಿ ಭಕ್ತವತ್ಸಲ, 2004ರ 'ಹಸೀನಾ' ಚಿತ್ರದ ತಾರಾ. 'ಹಸೀನಾ' ಕೂಡ ಕಾಸರವಳ್ಳಿಯವರದೇ; ಅದರ ಮೂಲಕಥೆ ಬಾನು ಮುಷ್ತಾಕ್ ಅವರದು. ಎರಡು ಕಥೆಗಳೂ ಹೆಂಗಸರು ಬರೆದವು, ಎರಡರ ನಾಯಕಿಯರೂ ಗಂಡ ಕೈಬಿಟ್ಟ ಬಡ ಮುಸ್ಲಿಂ ಹೆಣ್ಣುಮಕ್ಕಳು. ಕಾಕತಾಳೀಯ ಎಂದು ಬಿಟ್ಟುಬಿಡಬಹುದು. ಆದರೆ ನಟಿಗೆ ಪ್ರಶಸ್ತಿ ಬರಬೇಕಾದರೆ ಮೊದಲು ಯಾರಾದರೂ ಒಬ್ಬರು ಹೆಂಗಸಿನ ಕಥೆಯನ್ನು ಬರೆದಿರಬೇಕು, ಇನ್ನೊಬ್ಬರು ಅದನ್ನು ಚಿತ್ರ ಮಾಡಲು ಒಪ್ಪಿರಬೇಕು. ಪಾತ್ರವೇ ಇಲ್ಲದಿದ್ದರೆ ಪ್ರತಿಭೆ ಎಲ್ಲಿ ಕಾಣಬೇಕು?

ರಾಜ್ಯ ಸರ್ಕಾರದ ಶ್ರೇಷ್ಠ ನಟಿ ಪ್ರಶಸ್ತಿಯೂ ಇದೇ ಪಾತ್ರಕ್ಕೆ ಬಂತು. ಅದಕ್ಕೆ ಹಿಂದೆ ಪೋಷಕ ನಟಿಯಾಗಿ ರಾಜ್ಯ ಪ್ರಶಸ್ತಿ ಅವರಿಗೆ ಒಂದಕ್ಕಿಂತ ಹೆಚ್ಚು ಬಾರಿ ಸಂದಿತ್ತು. ಪಟ್ಟಿ ಮಾಡಿದರೆ ಚಂದವಾಗಿಯೇ ಕಾಣುತ್ತದೆ. ಆದರೆ ರಾಷ್ಟ್ರ ಪ್ರಶಸ್ತಿ ಬಂದಾಗ ಉಮಾಶ್ರೀ ಅವರಿಗೆ ವಯಸ್ಸು ಐವತ್ತೆರಡು. ಚಿತ್ರರಂಗಕ್ಕೆ ಬಂದು ಸುಮಾರು ಮೂರು ದಶಕ. ಆ ಮೂರು ದಶಕಗಳಲ್ಲಿ ಹೆಚ್ಚಿನವು ಯಾವ ತೀರ್ಪುಗಾರರ ಮಂಡಳಿಯೂ ತಿರುಗಿ ನೋಡದ ಬಗೆಯ ಪಾತ್ರಗಳಲ್ಲಿ ಕಳೆದವು.

ಅವರು ಹುಟ್ಟಿದ್ದು 1957ರಲ್ಲಿ, ತುಮಕೂರು ಜಿಲ್ಲೆಯ ನೊಣವಿನಕೆರೆಯಲ್ಲಿ. ಎಳೆಯ ವಯಸ್ಸಿನಲ್ಲೇ ಸಂಸಾರ ಮುರಿದು, ಎರಡು ಮಕ್ಕಳನ್ನು ಒಬ್ಬರೇ ಸಾಕಬೇಕಾಯಿತು. ನಾಟಕ ಅನ್ನವಾಯಿತು. ದೇವನೂರ ಮಹಾದೇವರ 'ಒಡಲಾಳ'ವನ್ನು ಸಿ.ಜಿ. ಕೃಷ್ಣಸ್ವಾಮಿ ರಂಗಕ್ಕೆ ತಂದಾಗ ಸಾಕವ್ವನಾದವರು ಉಮಾಶ್ರೀ. ಕಳೆದುಹೋದ ಹುಂಜವನ್ನು ಹುಡುಕುತ್ತಾ ಊರನ್ನೆಲ್ಲ ಬೈಯುವ ಆ ಮುದುಕಿಯನ್ನು ಆಡುವಾಗ ನಟಿಗೆ ಹರೆಯ ಇನ್ನೂ ಮುಗಿದಿರಲಿಲ್ಲ. ನೋಡಿದವರು ಇಂದಿಗೂ ಆ ಸಾಕವ್ವನ ಮಾತೆತ್ತುತ್ತಾರೆ.

ಸಿನಿಮಾ ಬೇರೆಯದನ್ನೇ ಕೇಳಿತು. ಕಾಶೀನಾಥರ 'ಅನುಭವ' (1984) ಹೆಸರು ತಂದಿತು. ಆ ಹೆಸರಿನ ಜೊತೆಗೆ ಒಂದು ಮುದ್ರೆಯೂ ಬಿತ್ತು. ಮುಂದಿನ ಹತ್ತಾರು ವರ್ಷ ಎನ್.ಎಸ್. ರಾವ್ ಮುಂತಾದವರ ಜೊತೆ ಹಾಸ್ಯ, ಅದೂ ಎರಡರ್ಥದ ಸಂಭಾಷಣೆಯ ಹಾಸ್ಯ. ಥಿಯೇಟರಿನಲ್ಲಿ ಶಿಳ್ಳೆ ಬೀಳುತ್ತಿತ್ತು, ಮನೆಗೆ ಬಂದ ಸಭ್ಯರು ಮೂಗು ಮುರಿಯುತ್ತಿದ್ದರು. ನಕ್ಕವರೂ ಮೂಗು ಮುರಿದವರೂ ಬಹುಮಟ್ಟಿಗೆ ಒಂದೇ ಜನ ಎಂಬುದು ಬೇರೆ ಮಾತು. ಮಕ್ಕಳ ಹೊಟ್ಟೆ, ಮಕ್ಕಳ ಶಾಲೆಯ ಫೀಸು ಆ ಸಂಭಾಷಣೆಗಳಿಂದ ನಡೆಯಬೇಕಿತ್ತು. ಫೀಸು ಕಟ್ಟುವ ಕಷ್ಟ ಗೊತ್ತಿರುವ ಯಾವ ತಾಯಿತಂದೆಯೂ ಈ ಲೆಕ್ಕವನ್ನು ಹಗುರವಾಗಿ ಕಾಣಲಾರರು.

ಆದರೂ ಆ ವರ್ಷಗಳು ವ್ಯರ್ಥವಾಗಲಿಲ್ಲ ಎಂಬುದಕ್ಕೆ ಗುಲಾಬಿಯೇ ಸಾಕ್ಷಿ. ಟಿ.ವಿ. ಬಂದ ದಿನ ಅವಳ ಮುಖದಲ್ಲಿ ಹೊಮ್ಮುವ ಮಗುವಿನಂಥ ಸಂಭ್ರಮವನ್ನು, ಹಾಸ್ಯದ ಲಯ ಕೈವಶವಾಗದ ನಟಿ ಅಷ್ಟು ಸಲೀಸಾಗಿ ತರಲಾರಳು. ಕೊನೆಯಲ್ಲಿ ಆ ಲಯವನ್ನು ಪೂರ್ತಿ ಕೆಳಗಿಳಿಸಿ ಸುಮ್ಮನಾಗಿಬಿಡುವುದೂ ಅಷ್ಟೇ ಕಷ್ಟ. ತಿಪಟೂರಿನ ಕಡೆಯ ನಾಲಿಗೆಯನ್ನು ಕುಂದಾಪುರದ ಕನ್ನಡಕ್ಕೆ ತಿದ್ದಿಕೊಂಡ ಶ್ರಮ ಇನ್ನೊಂದು. ಕರಾವಳಿಯವರು ಮಾತಿನಲ್ಲಿ ತಪ್ಪು ಹುಡುಕುವುದರಲ್ಲಿ ಮಹಾ ನಿಪುಣರು.

ಪ್ರಶಸ್ತಿಯ ನಿಯಮವನ್ನೂ ಸ್ವಲ್ಪ ತಿಳಿದುಕೊಳ್ಳಬೇಕು. ಆಯಾ ವರ್ಷ ಸೆನ್ಸಾರ್ ಆಗಿ, ಸ್ಪರ್ಧೆಗೆ ಕಳುಹಿಸಲ್ಪಟ್ಟ ಚಿತ್ರಗಳನ್ನಷ್ಟೇ ತೀರ್ಪುಗಾರರು ನೋಡುತ್ತಾರೆ. ಅವರ ಕಣ್ಣ ಮುಂದಿರುವುದು ಒಂದು ವರ್ಷ, ಒಂದು ಪಾತ್ರ. ಸಾಕವ್ವ ರಂಗದ ಮೇಲಿದ್ದಳು. ಅವಳು ಆ ಲೆಕ್ಕಕ್ಕೆ ಸಿಕ್ಕುವವಳಲ್ಲ. ಪ್ರತಿಭಾ ಕಾರಂಜಿಯಲ್ಲಿ ಮೂರನೆಯ ಸ್ಥಾನ ಪಡೆದು ಬಂದ ಹುಡುಗನನ್ನು ಗೇಟಿನಲ್ಲೇ ನಿಲ್ಲಿಸಿ "ಫಸ್ಟ್ ಯಾರಿಗೆ ಬಂತು?" ಎಂದು ಕೇಳುವ ಹಿರಿಯರು ನಮ್ಮಲ್ಲಿ ಕಡಿಮೆಯಿಲ್ಲ. ಆ ಹುಡುಗ ಮೂರು ನಿಮಿಷ ಆಡಿದ್ದು ಏನನ್ನು, ಯಾರ ಹಾಗೆ, ಎಂದು ಕೇಳುವವರು ಅಪರೂಪ.

ಇನ್ನು ನಾಮನಿರ್ದೇಶನ. ಹೊರದೇಶಗಳಲ್ಲಿ ಆಸ್ಕರ್ ಪಟ್ಟಿಯ ಐದು ಹೆಸರುಗಳಲ್ಲಿ ಒಂದಾಗುವುದೇ ಕಲಾವಿದರಿಗೆ ದೊಡ್ಡ ಮಾತು. ಗೆಲ್ಲದಿದ್ದರೂ ಹೆಸರಿನ ಮುಂದೆ ಅದನ್ನು ಬರೆದುಕೊಳ್ಳುತ್ತಾರೆ. ನಮ್ಮ ರಾಷ್ಟ್ರ ಪ್ರಶಸ್ತಿಯಲ್ಲಿ ಹಾಗೆ ಪಟ್ಟಿ ಪ್ರಕಟಿಸುವ ಪದ್ಧತಿಯಿಲ್ಲ. ಗೆದ್ದವರ ಹೆಸರು ಹೊರಬರುತ್ತದೆ, ಸೋತವರು ಯಾರೆಂದೇ ತಿಳಿಯದು. ಒಂದು ದೃಷ್ಟಿಯಲ್ಲಿ ಇದೇ ಮರ್ಯಾದೆಯ ಕ್ರಮ. ಉಮಾಶ್ರೀ ಅವರ ಜೀವನದಲ್ಲಿ ಪತ್ರಿಕೆಯ ಮುಖಪುಟಕ್ಕೆ ಬಂದ ನಾಮನಿರ್ದೇಶನವೇ ಬೇರೆ: 2023ರ ಆಗಸ್ಟಿನಲ್ಲಿ ಅವರು ವಿಧಾನ ಪರಿಷತ್ತಿಗೆ ನಾಮನಿರ್ದೇಶಿತರಾದರು. ಪರಿಷತ್ತು ಅವರಿಗೆ ಹೊಸದಲ್ಲ, ಹಿಂದೆಯೂ ಸದಸ್ಯೆಯಾಗಿದ್ದವರು. 2013ರಲ್ಲಿ ತೇರದಾಳ ಕ್ಷೇತ್ರದಿಂದ ಗೆದ್ದು, 2018ರವರೆಗೆ ಸಚಿವೆಯಾಗಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿಯ ಜೊತೆಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯನ್ನೂ ನೋಡಿಕೊಂಡರು. ಪ್ರಶಸ್ತಿ ಪಡೆಯುವ ಸಾಲಿನಲ್ಲಿ ನಿಂತಿದ್ದವರು ಪ್ರಶಸ್ತಿ ಕೊಡುವವರ ಸಾಲಿಗೆ ಬಂದರು. ಯಾವ ಕಡೆ ನಿಂತಾಗ ಕಾಲು ಹೆಚ್ಚು ನೋಯುತ್ತದೆಂದು ಅವರನ್ನೇ ಕೇಳಬೇಕು.

ತಡವಾಗಿ ಬಂದ ಬಹುಮಾನದ ಮಾತೆತ್ತಿದಾಗ ಪಡುಬಿದ್ರಿಯವರಿಗೆ ಇನ್ನೊಂದು ಹೆಸರು ನೆನಪಾಗಬೇಕು. 'ಪಡು' ಎಂದರೆ ಪಶ್ಚಿಮ, 'ಮೂಡು' ಎಂದರೆ ಪೂರ್ವ. ಪಡುಬಿದ್ರಿಯಿಂದ ಕಾರ್ಕಳದ ರಸ್ತೆ ಹಿಡಿದು ಹೋದರೆ ಮುಂದೆ ಸಿಗುವುದು ಮೂಡುಬಿದಿರೆ. ಅಲ್ಲಿಯ ಎಂ.ವಿ. ವಾಸುದೇವ ರಾವ್ ಹುಡುಗನಾಗಿದ್ದಾಗಲೇ ಗುಬ್ಬಿ ಕಂಪೆನಿ ಸೇರಿದವರು. ಶಿವರಾಮ ಕಾರಂತರ 'ಚೋಮನ ದುಡಿ' ಚಿತ್ರವಾದಾಗ ಚೋಮನಾಗಿ 1975ರ ಸಾಲಿನ ಶ್ರೇಷ್ಠ ನಟ ರಾಷ್ಟ್ರ ಪ್ರಶಸ್ತಿ ಪಡೆದರು. ಆಗ ಅವರೂ ಐವತ್ತು ದಾಟಿದ್ದರು. ಚೋಮ, ಗುಲಾಬಿ ಇಬ್ಬರೂ ನಮ್ಮ ಕರಾವಳಿಯ ಮಣ್ಣಿನಿಂದ ಎದ್ದವರು. ಇಬ್ಬರಿಗೂ ಅವರವರ ಊರು ಒಂದು ಹಿಡಿ ಜಾಗ ಕೊಡಲಿಲ್ಲ. ಅವರ ಪಾತ್ರ ವಹಿಸಿದವರಿಗೆ ದೆಹಲಿಯಲ್ಲಿ ಕುರ್ಚಿ ದೊರೆಯಿತು.

ರಜತ ಕಮಲ ಬಂದ ಮೇಲೂ ಉಮಾಶ್ರೀ ಅದನ್ನು ಕಪಾಟಿನಲ್ಲಿಟ್ಟು ಕೈಕಟ್ಟಿ ಕೂರಲಿಲ್ಲ. 2021ರ ಡಿಸೆಂಬರಿನಲ್ಲಿ ಆರಂಭವಾದ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿಯಲ್ಲಿ ಮೂರು ಹೆಣ್ಣುಮಕ್ಕಳನ್ನು ಸಾಕುವ ತಾಯಿಯಾದರು. ಗುಲಾಬಿಯ ಟಿ.ವಿ.ಯ ಮುಂದೆ ಕೇರಿಯ ಹೆಂಗಸರು ಕೂತ ಹಾಗೆಯೇ ರಾಜ್ಯದ ಹೆಂಗಸರು ಸಂಜೆ ಅವರ ಮುಂದೆ ಕೂತರು. ಪಾತ್ರೆ ತೊಳೆಯುವುದನ್ನು ಅರ್ಧಕ್ಕೆ ಬಿಟ್ಟು ಬಂದವರೂ ಉಂಟು.

ಆ ಬಳಿಕ 2025ರ ಜನವರಿಯಲ್ಲಿ, ಅರವತ್ತೇಳನೆಯ ವಯಸ್ಸಿನಲ್ಲಿ, ಹೊನ್ನಾವರದಲ್ಲಿ ಮೊದಲ ಬಾರಿಗೆ ಗೆಜ್ಜೆ ಕಟ್ಟಿದರು. ಉಡುಪಿ ಜಿಲ್ಲೆಯ ಪೆರ್ಡೂರು ಮೇಳದ ಆಟ, ಪ್ರಸಂಗ ಶ್ರೀರಾಮ ಪಟ್ಟಾಭಿಷೇಕ, ಇವರದು ಮಂಥರೆ. ಬಡಗುತಿಟ್ಟಿನಲ್ಲಿ ಮಂಥರೆಯನ್ನು ಹಾಸ್ಯಗಾರರೇ ನಿರ್ವಹಿಸುವುದುಂಟು. ನಗಿಸುತ್ತಾ ನಗಿಸುತ್ತಾ ಒಂದು ಮನೆಯನ್ನು ಒಡೆಯುವ ಪಾತ್ರ ಅದು. ಭಾಗವತರ ಪದಕ್ಕೆ ಹೆಜ್ಜೆ, ಹೆಜ್ಜೆಗೆ ಸರಿಯಾಗಿ ಮಾತು, ರೀಟೇಕ್ ಇಲ್ಲ. ಚೆಂಡೆ ಶುರುವಾದಾಗ ಬಯಲಿನಲ್ಲಿ ಕೂತಿದ್ದವರು ಮೊಬೈಲ್ ಎತ್ತಿ ಹಿಡಿದರು. ರಾಷ್ಟ್ರ ಪ್ರಶಸ್ತಿ ಪಡೆದ ನಟಿ ಗೂನು ಬೆನ್ನು ಮಾಡಿಕೊಂಡು ರಂಗಸ್ಥಳಕ್ಕೆ ಬಂದರು.