ಫೆಜ್ ನಗರದಲ್ಲಿ ನಾಲ್ಕು ದಿನ

ಕೋಶವನ್ನಾದರೂ ಓದಬೇಕು, ದೇಶವನ್ನಾದರೂ ಸುತ್ತಬೇಕು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿರುವರು. ಇವೆರಡರ ಫಲವೂ ಒಂದೆಡೆ ದೊರೆಯುವ ಊರುಗಳು ವಿರಳ. ಆಫ್ರಿಕಾ ಖಂಡದ ವಾಯವ್ಯದಲ್ಲಿರುವ ಮೊರಾಕ್ಕೊ ದೇಶದ ಫೆಜ್ ನಗರವು ಅಂತಹುದೊಂದು. ವಾಚಕರಲ್ಲಿ ಹಲವರಿಗೆ ಈ ಹೆಸರು ಕುಚ್ಚುಳ್ಳ ಕೆಂಪು ಟೋಪಿಯಿಂದ ಪರಿಚಿತವಾಗಿರಬಹುದು. ನಾವು ತುರ್ಕಿ ಟೋಪಿಯೆನ್ನುವುದನ್ನು ಯೂರೋಪಿನವರು ಈ ಊರಿನ ಹೆಸರಿನಿಂದಲೇ ಕರೆದರು. ನಾವು ನಾಲ್ವರು ಮಿತ್ರರು ರಾಜಧಾನಿಯಾದ ರಬಾತಿನಿಂದ ರೈಲಿನಲ್ಲಿ ಅಲ್ಲಿಗೆ ಹೋಗಿ ನಾಲ್ಕು ದಿನ ಇದ್ದು ಬಂದೆವು. ನಮ್ಮಲ್ಲೊಬ್ಬರು ಫ್ರೆಂಚ್ ಭಾಷೆ ಬಲ್ಲವರಾದುದರಿಂದ ಜನರೊಡನೆ ಮಾತುಕತೆಗೆ ತೊಡಕಾಗಲಿಲ್ಲ.

ಉತ್ತರಕ್ಕೆ ರಿಫ್ ಪರ್ವತಗಳು, ದಕ್ಷಿಣಕ್ಕೆ ಮಧ್ಯ ಅಟ್ಲಾಸ್ ಪರ್ವತಗಳು. ಇವುಗಳ ನಡುವಣ ತಗ್ಗಿನಲ್ಲಿ ಊರು ಹರಡಿಕೊಂಡಿದೆ. ಕ್ರಿ.ಶ. 789ರಲ್ಲಿ ಮೊದಲನೆಯ ಇದ್ರಿಸನು ಫೆಜ್ ನದಿಯ ಒಂದು ದಡದಲ್ಲಿ ಇದಕ್ಕೆ ಅಸ್ತಿಭಾರ ಹಾಕಿದನು. ಅವನ ಮಗನು ಎದುರು ದಡದಲ್ಲಿ ಇನ್ನೊಂದು ಊರು ಕಟ್ಟಿದನು. 9ನೆಯ ಶತಮಾನದಲ್ಲಿ ಸ್ಪೇನಿನ ಕೊರ್ಡೊವಾ ನಗರದಿಂದ ಓಡಿಬಂದ ಕುಟುಂಬಗಳು ಒಂದು ದಡದಲ್ಲಿಯೂ, ಇಂದಿನ ಟ್ಯುನೀಶಿಯಾದಲ್ಲಿರುವ ಕೈರವಾನಿನವರು ಇನ್ನೊಂದು ದಡದಲ್ಲಿಯೂ ನೆಲಸಿದರು. 1276ರಲ್ಲಿ ಮರೀನೀ ಸುಲ್ತಾನರು ಪಕ್ಕದಲ್ಲಿ ಅರಮನೆಯ ಊರನ್ನು ಕಟ್ಟಿಸಿದರು. 1912ರಲ್ಲಿ ಬಂದ ಫ್ರೆಂಚರು ತಮ್ಮ ಹೊಸ ಊರನ್ನು ಕೋಟೆಯಿಂದಾಚೆಗೆ ಕಟ್ಟಿಕೊಂಡುದರಿಂದ ಹಳೆಯದು ಬಹುಮಟ್ಟಿಗೆ ಹಾಗೆಯೇ ಉಳಿಯಿತು. 1956ರಲ್ಲಿ ದೇಶವು ಸ್ವತಂತ್ರವಾಯಿತು. 1981ರಲ್ಲಿ ಯುನೆಸ್ಕೊ ಸಂಸ್ಥೆಯು ಹಳೆಯ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಪಶ್ಚಿಮದಿಂದ ಬರುವವರಿಗೆ ಬಾಬ್ ಬೂ ಜಲೂದ್ ಎಂಬ ಹೆಬ್ಬಾಗಿಲು ಎದುರಾಗುವುದು. 1913ರಲ್ಲಿ ಕಟ್ಟಿದ ಇದರ ಹೊರಮೈಗೆ ನೀಲಿ ಬಿಲ್ಲೆಗಳ ಅಲಂಕಾರ, ಒಳಮೈಗೆ ಹಸಿರು. ಅದನ್ನು ದಾಟಿದೊಡನೆ ಮೋಟಾರುಗಳ ಸದ್ದು ಹಿಂದುಳಿಯುವುದು. ಒಳಗಿನ ಓಣಿಗಳು ಸಾವಿರಾರು. ಕೆಲವೆಡೆ ಎದುರುಬದುರು ಬಂದ ಇಬ್ಬರಲ್ಲಿ ಒಬ್ಬರು ಗೋಡೆಗೆ ಒರಗಿ ನಿಲ್ಲಬೇಕು. ಸಾಮಾನೆಲ್ಲವೂ ಹೇಸರಗತ್ತೆ, ಕತ್ತೆ, ಕೈಗಾಡಿಗಳ ಮೇಲೆಯೇ ಸಾಗುವುದು. ಹೇಸರಗತ್ತೆಯನ್ನು ಹೊಡೆದುಕೊಂಡು ಬರುವವನು 'ಬಾಲಕ್! ಬಾಲಕ್!' ಎಂದು ಕೂಗುವನು. ಅರುವತ್ತು ದಾಟಿದ ನಮ್ಮ ಮಿತ್ರರೊಬ್ಬರು, “ಈ ವಯಸ್ಸಿನಲ್ಲಿ ನಮ್ಮನ್ನು ಬಾಲಕನೆಂದು ಕರೆಯುವವರೂ ಸಿಕ್ಕಿದರಲ್ಲ!” ಎಂದು ಬಹಳ ಸಂತೋಷಪಟ್ಟರು. ಆ ದೇಶದ ಅರಬ್ಬೀ ಮಾತಿನಲ್ಲಿ ಅದಕ್ಕೆ 'ದಾರಿ ಬಿಡಿ, ಜೋಕೆ' ಎಂದರ್ಥವಾಗುವುದನ್ನು ಹೇಸರಗತ್ತೆಯ ಮೇಲಿದ್ದ ಚರ್ಮದ ಹೊರೆಯೇ ಅವರಿಗೆ ತಿಳಿಸಿಕೊಟ್ಟಿತು.

ಓಣಿಯಿಂದ ನೋಡಿದರೆ ಇಲ್ಲಿನ ಮನೆಗಳು ಬರಿಯ ಗೋಡೆಗಳು. ಬಾಗಿಲು ತೆರೆದರೆ ನಡುವೆ ಅಂಗಳ, ಸುತ್ತ ಕಂಬಗಳು, ಮೇಲೆ ಆಕಾಶ. ನಮ್ಮ ತೊಟ್ಟಿಮನೆಗಳಲ್ಲಿ ಬೆಳೆದವರಿಗೆ ಇದು ಪರಕೀಯವೆನಿಸದು. ಪ್ರತಿಯೊಂದು ಕೇರಿಗೂ ಒಂದು ಮಸೀದಿ, ಒಂದು ಪಾಠಶಾಲೆ, ಒಂದು ನೀರಿನ ಕಟ್ಟೆ, ಒಂದು ಸ್ನಾನಗೃಹ, ಒಂದು ರೊಟ್ಟಿಯ ಭಟ್ಟಿ ಇರಬೇಕೆಂಬುದು ಹಳೆಯ ಏರ್ಪಾಡು. ಭಟ್ಟಿಯ ವ್ಯವಸ್ಥೆ ನಮಗೆ ಬಹು ಹಿಡಿಸಿತು. ಮನೆಯಾಕೆಯು ಹಿಟ್ಟನ್ನು ನಾದಿ, ಗುಂಡಗೆ ತಟ್ಟಿ, ಹಲಗೆಯ ಮೇಲಿಟ್ಟು ಬಟ್ಟೆ ಮುಚ್ಚಿ ಮಕ್ಕಳ ಕೈಯಲ್ಲಿ ಕಳುಹುವಳು. ಭಟ್ಟಿಯವನು ಹತ್ತಾರು ಮನೆಗಳ ರೊಟ್ಟಿಗಳನ್ನು ಒಟ್ಟಿಗೆ ಸುಟ್ಟರೂ ಇದು ಇಂತಹವರ ಮನೆಯದೆಂದು ಕಂಡೊಡನೆಯೇ ಹೇಳಬಲ್ಲನು. ಮನೆಗಳಿಗೆ ಗ್ಯಾಸಿನ ಒಲೆ ಬಂದ ಮೇಲೆ ಇಂತಹ ಭಟ್ಟಿಗಳಿಗೆ ಗಿರಾಕಿಗಳು ಕಡಮೆಯಾಗಿರುವರು.

ಎರಡನೆಯ ದಿನ ಚುವಾರಾ ಎಂಬಲ್ಲಿನ ಚರ್ಮ ಹದಮಾಡುವ ತೊಟ್ಟಿಗಳನ್ನು ನೋಡಲು ಹೋದೆವು. ಸುತ್ತಣ ಮಾಳಿಗೆಗಳ ಮೇಲಿಂದ ನೋಡಬೇಕು. ಮೆಟ್ಟಿಲು ಹತ್ತುವ ಮೊದಲೇ ಕೈಗೆ ಪುದೀನಾ ಸೊಪ್ಪಿನ ಕುಡಿಯನ್ನು ಕೊಡುವರು. ಏಕೆಂಬುದನ್ನು ಮೂಗು ತಿಳಿಸುವುದು. ಕೆಳಗೆ ಜೇನುಗೂಡಿನ ಕಣ್ಣುಗಳಂತೆ ನೂರಾರು ತೊಟ್ಟಿಗಳು. ಸುಣ್ಣ, ಉಪ್ಪು, ಗೋಮೂತ್ರಗಳಲ್ಲಿ ತೊಗಲನ್ನು ನೆನೆಹಾಕಿ ಕೂದಲು ತೆಗೆಯುವರು. ಅನಂತರ ಪಾರಿವಾಳದ ಹಿಕ್ಕೆ ಕಲಸಿದ ನೀರಿನಲ್ಲಿ ಕಾಲಿನಿಂದ ತುಳಿದು ಮೆದುಮಾಡುವರು. ಕೊನೆಗೆ ಬಣ್ಣದ ತೊಟ್ಟಿಗೆ ಇಳಿಸುವರು. ತೊಡೆಯವರೆಗೆ ಬಣ್ಣದ ನೀರಿನಲ್ಲಿ ನಿಂತು ದುಡಿಯುವವರನ್ನು ಕಂಡಾಗ ನೋಡುವುದಕ್ಕೆ ಅಂದವೆಂದು ಹೊಗಳಿ ಬರಲು ಮನಸ್ಸಾಗದು. ಈ ತೊಟ್ಟಿಗಳ ಕೊಳೆನೀರು ನದಿಯನ್ನು ಕೆಡಿಸುತ್ತ ಬಂದಿರುವುದೂ ನಿಜ.

ಅಲ್ಲಿಂದ ಸ್ವಲ್ಪ ದೂರದಲ್ಲಿ ಸಫ್ಫಾರೀನ್ ಎಂಬ ಕಂಚುಗಾರರ ಚೌಕವಿದೆ. ಮದುವೆಯ ಅಡಿಗೆಗೆ ಬೇಕಾಗುವ ಹಂಡೆಗಳಿಂದ ಹಿಡಿದು ಚಹದ ತಟ್ಟೆಗಳವರೆಗೆ ತಾಮ್ರ ಹಿತ್ತಾಳೆಗಳ ಪಾತ್ರೆಗಳನ್ನು ಅಲ್ಲಿ ಬಡಿದು ಮಾಡುವರು. ಒಬ್ಬ ವೃದ್ಧರ ಅಂಗಡಿಯ ಮುಂದೆ ಕುಳಿತು, ಅವರು ತರಿಸಿದ ಪುದೀನಾ ಚಹವನ್ನು ಕುಡಿದೆವು. ಈ ಕಸುಬು ತಮ್ಮ ಮನೆಯಲ್ಲಿ ಮುಂದುವರಿಯುವುದೇ ಎಂದು ಕೇಳಿದೆವು. “ನಮ್ಮ ತಂದೆಯವರು ನನಗೆ ಕಲಿಸಿದರು. ನನ್ನ ಮಗ ಕಾಸಾಬ್ಲಾಂಕಾದಲ್ಲಿ ಕಚೇರಿಯ ಕೆಲಸದಲ್ಲಿದ್ದಾನೆ. ಅವನನ್ನು ಓದಿಸಿದವನು ನಾನೇ. ಹೋದುದು ತಪ್ಪೆಂದು ಹೇಗೆ ಹೇಳಲಿ? ಆದರೆ ಈ ಸುತ್ತಿಗೆಯನ್ನು ಯಾರ ಕೈಗೆ ಕೊಡಲಿ?” ಎಂದು ಅವರು ನಕ್ಕರು. ಆ ನಗೆಗೆ ನಮ್ಮಲ್ಲಿ ಯಾರಿಗೂ ಉತ್ತರ ತೋಚಲಿಲ್ಲ. ಹಳೆಯ ಮನೆತನಗಳಲ್ಲಿ ಅನೇಕವು ಹೊಸ ಊರಿಗೂ ಬೇರೆ ನಗರಗಳಿಗೂ ಹೋಗಿರುವುವು. ಬಿರುಕುಬಿಟ್ಟ ಗೋಡೆಗಳಿಗೆ ಮರದ ತೊಲೆಗಳ ಆಸರೆ ಕೊಟ್ಟಿರುವುದನ್ನು ನಾವು ಓಣಿಯೋಣಿಯಲ್ಲಿ ಕಂಡೆವು.

ಆ ಸುತ್ತಿಗೆಗಳ ಸದ್ದಿನ ಪಕ್ಕದಲ್ಲಿಯೇ ಅಲ್-ಕರವೀಯೀನ್ ಮಸೀದಿಯ ಪುಸ್ತಕ ಭಂಡಾರವಿದೆ. ಕೈರವಾನಿನಿಂದ ಬಂದ ಮನೆತನದ ಫಾತಿಮಾ ಅಲ್-ಫಿಹ್ರಿ ಎಂಬ ಮಹಿಳೆಯು ತಂದೆಯಿಂದ ಬಂದ ಆಸ್ತಿಯನ್ನು ವ್ಯಯಮಾಡಿ 859ರಲ್ಲಿ ಈ ಮಸೀದಿಯನ್ನು ಸ್ಥಾಪಿಸಿದಳೆಂದು ಪ್ರತೀತಿ. ಅದರ ಸುತ್ತ ಬೆಳೆದ ವಿದ್ಯಾಪೀಠವು ಪ್ರಪಂಚದ ಅತಿ ಪುರಾತನ ವಿದ್ಯಾಕೇಂದ್ರಗಳಲ್ಲೊಂದು. ಮುಸಲ್ಮಾನರಲ್ಲದವರಿಗೆ ಪ್ರಾರ್ಥನಾ ಮಂದಿರದೊಳಗೆ ಪ್ರವೇಶವಿಲ್ಲವಾದುದರಿಂದ ಬಾಗಿಲಲ್ಲಿಯೇ ನಿಂತು ಅಂಗಳವನ್ನು ನೋಡಿದೆವು. ಚರಿತ್ರಕಾರ ಇಬ್ನ್ ಖಲ್ದೂನನ ಗ್ರಂಥದ ಹಸ್ತಪ್ರತಿಯು ಈ ಭಂಡಾರದಲ್ಲಿದೆ. ತೇವದಿಂದ ಜೀರ್ಣವಾಗುತ್ತಿದ್ದ ಕಟ್ಟಡವನ್ನು 2012ರಿಂದ ಮೊದಲ್ಗೊಂಡು ದುರಸ್ತುಮಾಡಿಸಿದವರು ಫೆಜ್‌ನಲ್ಲಿಯೇ ಹುಟ್ಟಿದ ಅಜೀಜಾ ಶವೂನಿ ಎಂಬ ವಾಸ್ತುಶಿಲ್ಪಿ. ಒಬ್ಬ ಸ್ತ್ರೀಯು ಕಟ್ಟಿಸಿದಳೆನ್ನುವ ಸ್ಥಾನವನ್ನು ಹನ್ನೊಂದು ಶತಮಾನಗಳ ಮೇಲೆ ಇನ್ನೊಬ್ಬ ಸ್ತ್ರೀಯು ಕಾಪಾಡಿಕೊಟ್ಟುದು ಸಂತೋಷದ ವಿಷಯ.

ಈ ಊರಿಗೂ ನಮ್ಮ ಕನ್ನಡ ನಾಡಿಗೂ ಒಂದು ಸಂಬಂಧವುಂಟು. 1325ರಲ್ಲಿ ಟ್ಯಾಂಜಿಯರಿನಿಂದ ಹೊರಟು, ಸುಮಾರು ಮೂವತ್ತು ವರುಷ ದೇಶಗಳನ್ನು ಸುತ್ತಿದ ಇಬ್ನ್ ಬತೂತಾನು ಕೊನೆಗೆ ಬಂದುದು ಫೆಜ್‌ಗೆ. ಸುಲ್ತಾನ ಅಬೂ ಇನಾನನ ಅಪ್ಪಣೆಯಂತೆ ಅವನು ಹೇಳುತ್ತ ಹೋದುದನ್ನು ಇಬ್ನ್ ಜುಜಯ್ಯ್ ಎಂಬ ವಿದ್ವಾಂಸನು ಬರೆದುಕೊಂಡನು; ಗ್ರಂಥವು 1355ರಲ್ಲಿ ಮುಗಿಯಿತು. ಅದೇ ಸುಲ್ತಾನನು ಅದೇ ಕಾಲದಲ್ಲಿ ಕಟ್ಟಿಸಿದ ಬೂ ಇನಾನಿಯಾ ವಿದ್ಯಾಲಯವನ್ನು ನಾವು ಒಳಹೊಕ್ಕು ನೋಡಿದೆವು. ಆ ಗ್ರಂಥದಲ್ಲಿ ಬಾರಕೂರು, ಮಂಗಳೂರುಗಳ ಪ್ರಸ್ತಾಪವಿದೆ; ಹೊನ್ನಾವರದ ವರ್ಣನೆಯಂತೂ ವಿಸ್ತಾರವಾಗಿದೆ. ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡೆನೆಂದು ಅವನು ಹೇಳಿರುವನು. ಅಲ್ಲಿನ ಊಟದಲ್ಲಿ ಅನ್ನಕ್ಕೆ ತುಪ್ಪ ಬಡಿಸಿದುದನ್ನೂ, ಮಾವು, ನಿಂಬೆ, ಶುಂಠಿ, ಮೆಣಸಿನ ಉಪ್ಪಿನಕಾಯಿಗಳನ್ನೂ, ಕಡೆಯಲ್ಲಿ ಮೊಸರಿನಿಂದ ಊಟ ಮುಗಿಸಿದುದನ್ನೂ ಮರೆತಿಲ್ಲ. ನಮ್ಮ ಕರಾವಳಿಯ ಮನೆಯೂಟದ ಕ್ರಮವು ಸಾವಿರಾರು ಮೈಲಿಗಳಾಚೆಯ ಈ ಓಣಿಗಳ ಊರಿನಲ್ಲಿ ಬರೆಹಕ್ಕೆ ಇಳಿಯಿತೆಂದು ನೆನೆದಾಗ ನಮ್ಮ ಮೈ ನವಿರೇಳಿತು.

ಹೊನ್ನಾವರದ ಆ ಶಾಲೆಗಳ ಸುದ್ದಿ ಆರೂವರೆ ಶತಮಾನಗಳ ಮೇಲೆಯೂ ನಮಗೆ ದೊರೆತುದು, ಕಂಡವನೊಬ್ಬನು ಹೇಳಿ, ಕೇಳಿದವನೊಬ್ಬನು ಬರೆದುದರಿಂದ. ಆದರೆ ಕಂಚುಗಾರರ ಕೈಚಳಕವನ್ನು ಹಾಗೆ ಬರೆದಿಡಲಾಗದು. ಅದು ಕೈಯಿಂದ ಕೈಗೇ ದಾಟಬೇಕು. ಗೋಡೆಗಳನ್ನು ಹಣದಿಂದ ನಿಲ್ಲಿಸಬಹುದು, ಹಣವೂ ಬರುತ್ತಿದೆ. ಒಳಗೆ ಬಾಳುವವರೂ ದುಡಿಯುವವರೂ ಉಳಿಯಬೇಕಾದರೆ ದುಡಿಮೆಗೆ ತಕ್ಕ ಬೆಲೆ ಬೇಕು. ಫೆಜ್‌ಗೆ ಹೋಗುವ ವಾಚಕರು ಅಲ್ಲಿ ಪಾತ್ರೆಯೊಂದನ್ನು ಕೊಳ್ಳುವಾಗ ಅತಿಯಾಗಿ ಚೌಕಾಸಿ ಮಾಡದಿರಲಿ. ಹೋಗಲಾರದವರು ತಮ್ಮ ಮನೆಯ ಹಿರಿಯರಿಗೆ ಬರುವ ಒಂದು ಕೆಲಸವನ್ನಾದರೂ ಈ ವರುಷ ಅವರ ಬಳಿ ಕುಳಿತು ಕಲಿಯಲಿ.