189 ಗೆಲುವಿನ ಆಚೆ

ಕುಸ್ತಿ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಜಾತ್ರೆ, ಕೆಮ್ಮಣ್ಣು, ತೊಡೆ ತಟ್ಟಿ ನಿಂತ ಪೈಲ್ವಾನರು. ನನಗೆ ಮಾತ್ರ ಈಗೀಗ ಜಪಾನಿನ ಒಬ್ಬ ಹೆಣ್ಣುಮಗಳು ನೆನಪಾಗ್ತಾಳೆ. ಹೆಸರು ಕಾವೊರಿ ಇಚೊ.

ಉತ್ತರ ಜಪಾನಿನ ಅವೊಮೊರಿ ಪ್ರಾಂತ್ಯದ ಹಚಿನೊಹೆ ಈಕೆಯ ಊರು. ಹುಟ್ಟಿದ್ದು 1984ರಲ್ಲಿ. ಅಕ್ಕ ಚಿಹಾರು ಕೂಡ ಕುಸ್ತಿಪಟು, ಒಲಿಂಪಿಕ್ಸ್‌ನಲ್ಲಿ ಎರಡು ಬೆಳ್ಳಿ ಗೆದ್ದವಳು. ಮಹಿಳಾ ಕುಸ್ತಿ ಒಲಿಂಪಿಕ್ಸ್‌ಗೆ ಬಂದದ್ದೇ 2004ರ ಅಥೆನ್ಸ್‌ನಲ್ಲಿ. ಅಲ್ಲಿ 63 ಕೆ.ಜಿ. ವಿಭಾಗದ ಚಿನ್ನ ಕಾವೊರಿಗೆ. ಬೀಜಿಂಗ್‌ನಲ್ಲೂ ಅವಳಿಗೇ, ಲಂಡನ್‌ನಲ್ಲೂ ಅವಳಿಗೇ. ಜೊತೆಗೆ ಹತ್ತು ಸಲ ವಿಶ್ವ ಚಾಂಪಿಯನ್. 2003ರಿಂದ ಕಣಕ್ಕಿಳಿದು ಸೋತದ್ದೇ ಇಲ್ಲ, ಸಾಲಾಗಿ 189 ಪಂದ್ಯ! ಸರ್ವರ್ ಒಂದು ತಿಂಗಳು ಮಲಗದೆ ನಡೆದರೆ ಆಫೀಸಲ್ಲಿ ಕೇಕ್ ಕತ್ತರಿಸೋ ನಮ್ಮಂಥವರಿಗೆ ಈ ಲೆಕ್ಕ ತಲೆಗೇ ಹೋಗೋದಿಲ್ಲ.

2016ರ ಜನವರಿಯಲ್ಲಿ ರಷ್ಯಾದ ಕ್ರಾಸ್ನೊಯಾರ್ಸ್ಕ್‌ನಲ್ಲಿ ಆ ಸಾಲು ಮುರೀತು. ಮಂಗೋಲಿಯಾದ ಒರ್ಖೋನ್ ಪುರೆವ್‌ದೋರ್ಜ್ ಎದುರು ಸೋಲು, ಅದೂ 0-10. ಫ್ರೀಸ್ಟೈಲ್‌ನಲ್ಲಿ ಹತ್ತು ಪಾಯಿಂಟ್ ಅಂತರ ಬಿದ್ದರೆ ಇನ್ನು ಆಡೋದೇ ಬೇಡ ಅಂತ ಪಂದ್ಯ ಅಲ್ಲಿಗೇ ನಿಲ್ಲಿಸ್ತಾರೆ. ಆಗ ಅವಳಿಗೆ 31 ವರ್ಷ. ಒಲಿಂಪಿಕ್ಸ್‌ಗೆ ಉಳಿದದ್ದು ಏಳು ತಿಂಗಳು.

ನಮ್ಮ ದೊಡ್ಡಪ್ಪ ಊರಿನ ಹೆಸರುವಾಸಿ ಪೈಲ್ವಾನ್. ಒಂದು ಜಾತ್ರೆಯಲ್ಲಿ ಪಕ್ಕದೂರಿನ ಹುಡುಗನ ಕೈಲಿ ಚಿತ್ ಆದರು. ಅವತ್ತು ತಲೆ ಮೇಲೆ ಟವೆಲ್ ಹೊದ್ದು ಮನೆಗೆ ಬಂದವರು ಮತ್ತೆ ಗರಡಿಮನೆ ಹೊಸಿಲು ತುಳೀಲಿಲ್ಲ. ಕೊನೆವರೆಗೂ ಗೆದ್ದ ಕುಸ್ತಿಗಳ ಕಥೇನೇ ಹೇಳ್ತಿದ್ದರು. ಅವರನ್ನ ನಾನು ಹಳಿಯೋದಿಲ್ಲ. ಊರೆಲ್ಲ ಕಟ್ಟಿದ ಹೆಸರನ್ನ ಒಂದು ಸಂಜೆಯಲ್ಲಿ ಕಳಕೊಳ್ಳೋದು ಸಣ್ಣ ಮಾತಲ್ಲ. ಇಚೊಗೂ ಅಲ್ಲೇ ನಿಲ್ಲಿಸೋ ಅವಕಾಶ ಇತ್ತು. ಮೂರು ಚಿನ್ನ ಕೈಯಲ್ಲಿದ್ದಾಗ ಯಾರೂ ಏನೂ ಅಂತಿರಲಿಲ್ಲ.

ಅವಳು ನಿಲ್ಲಿಸಲಿಲ್ಲ. ಆಗಸ್ಟ್‌ನಲ್ಲಿ ರಿಯೊಗೆ ಬಂದಳು, ಈ ಸಲ 58 ಕೆ.ಜಿ.ಯಲ್ಲಿ. ಫೈನಲ್‌ನಲ್ಲಿ ಎದುರಿಗಿದ್ದವಳು ರಷ್ಯಾದ ವಲೇರಿಯಾ ಕೊಬ್ಲೋವಾ. ಆರು ನಿಮಿಷದ ಪಂದ್ಯ ಮುಗೀತಾ ಬಂದರೂ ಇಚೊ 1-2ರಿಂದ ಹಿಂದೆ. ಕೊನೆಯ ಕೆಲವೇ ಸೆಕೆಂಡುಗಳಲ್ಲಿ ಎರಡು ಪಾಯಿಂಟ್ ಕಿತ್ತು 3-2ರಿಂದ ಗೆದ್ದಳು. ನಾಲ್ಕು ಒಲಿಂಪಿಕ್ಸ್‌ನಲ್ಲಿ ವೈಯಕ್ತಿಕ ಚಿನ್ನ ಗೆದ್ದ ಮೊದಲ ಮಹಿಳೆ, ಯಾವ ಆಟ ತಗೊಂಡರೂ ಸರಿ. ಎರಡು ವರ್ಷದ ಹಿಂದೆ ತೀರಿಕೊಂಡಿದ್ದ ಅಮ್ಮನನ್ನ ಆವತ್ತು ನೆನೆಸಿಕೊಂಡಳು.

ಇದೇ 58 ಕೆ.ಜಿ. ನಮಗೂ ಗೊತ್ತಿರೋ ವಿಭಾಗ. ಸಾಕ್ಷಿ ಮಲಿಕ್ ಕಂಚು ಗೆದ್ದದ್ದು ಇದರಲ್ಲೇ. ಕ್ವಾರ್ಟರ್‌ಫೈನಲ್‌ನಲ್ಲಿ ಸಾಕ್ಷಿಯನ್ನ ಸೋಲಿಸಿದ್ದು ಇದೇ ಕೊಬ್ಲೋವಾ. ಅವಳು ಫೈನಲ್ ತಲುಪಿದ್ದರಿಂದ ಸಾಕ್ಷಿಗೆ ರೆಪಶಾಜ್‌ನಲ್ಲಿ ಇನ್ನೊಂದು ಅವಕಾಶ ಸಿಕ್ತು. ಅಲ್ಲಿ ಯಾರು ಎದುರಾದರು ಗೊತ್ತಾ? ಇಚೊಳನ್ನ 10-0ಯಿಂದ ಕೆಡವಿದ್ದ ಅದೇ ಒರ್ಖೋನ್. ಸಾಕ್ಷಿ ಆಕೆಯನ್ನ 12-3ರಿಂದ ಸೋಲಿಸಿದಳು. ಆಮೇಲೆ ಕಂಚಿನ ಪಂದ್ಯದಲ್ಲಿ 0-5ರಿಂದ ಹಿಂದಿದ್ದವಳು 8-5ರಿಂದ ಗೆದ್ದಳು.

ಭಾರತದಲ್ಲಿ ಆಗ ಬೆಳಗಿನ ಜಾವ. ನಿದ್ದೆಗಣ್ಣಲ್ಲಿ ಸಾಕ್ಷಿಗೆ ಚಪ್ಪಾಳೆ ಹೊಡೆದೆವಲ್ಲ, ಅವತ್ತು ವೇದಿಕೆಯ ಮೇಲಿನ ಮೆಟ್ಟಿಲಲ್ಲಿ ನಿಂತಿದ್ದವಳು ಇಚೊ. ಮತ್ತೆ ಆ ವಿಡಿಯೊ ನೋಡಿದಾಗ ಅವಳನ್ನೂ ಒಂದು ಕ್ಷಣ ನೋಡಿ.